ಅದು ಮತ್ತೆ ಬರುವುದೇ? ತೀವ್ರ ಸಮೀಪದೃಷ್ಟಿಯ ಕಣ್ಣಿನಲ್ಲಿ ಮರುಕಳಿಕೆಯನ್ನು ಮುಂದಾಗಿ ಅಂದಾಜಿಸುವ ಬಗೆ

ಕೆಲವು ವರ್ಷಗಳ ಹಿಂದೆ ಒಬ್ಬ ಮಹಿಳೆ ನನ್ನೆದುರು ಕುಳಿತು ಕೇಳಿದ ಪ್ರಶ್ನೆಯಿಂದಲೇ ಇಂದಿನ ಮಾತನ್ನು ಆರಂಭಿಸುತ್ತೇನೆ. ಅವರ ಎರಡೂ ಕಣ್ಣಿಗೆ ಮೈನಸ್ ಒಂಬತ್ತರ ಆಸುಪಾಸಿನ ಕನ್ನಡಕವಿತ್ತು. ಬಲಗಣ್ಣಿನಿಂದ ನೋಡಿದರೆ ಬಾಗಿಲ ಚೌಕಟ್ಟು ನಡುವಿನಲ್ಲಿ ಒಳಕ್ಕೆ ಬಾಗಿದಂತೆ ಕಾಣುತ್ತದೆ ಎಂದು ಅವರು ಬಂದಿದ್ದರು. ಪರೀಕ್ಷಿಸಿದಾಗ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ಕೆಳಗೆ ಹೊಸ ರಕ್ತನಾಳಗಳ ಸಣ್ಣದೊಂದು ಗಂಟು ಬೆಳೆದಿರುವುದು ತಿಳಿಯಿತು. ಎರಡು ಇಂಜೆಕ್ಷನ್ ಕೊಟ್ಟ ಮೇಲೆ ಸೋರಿಕೆ ನಿಂತಿತು, ಚೌಕಟ್ಟು ಬಹುಮಟ್ಟಿಗೆ ನೆಟ್ಟಗಾಯಿತು. ಆಗ ಅವರು ಕೇಳಿದರು: "ಡಾಕ್ಟ್ರೇ, ಇದು ಮತ್ತೆ ಬರುತ್ತದೆಯೇ? ಬರುವುದಾದರೆ ಯಾವಾಗ?" "ಹೇಳಲಿಕ್ಕಾಗುವುದಿಲ್ಲ, ತಪ್ಪದೆ ತೋರಿಸಿಕೊಳ್ಳುತ್ತಿರಿ" ಎಂದೆ. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವೂ ಆಗಿರಲಿಲ್ಲ. ಆ ಪ್ರಶ್ನೆಗೆ ಇದಕ್ಕಿಂತ ಮೇಲಾದ ಉತ್ತರ ಕೊಡಲು ಏನೇನು ಬೇಕು, ಕೊಡುತ್ತೇವೆಂದು ಹೊರಟವರು ಎಲ್ಲಿ ಎಡವುತ್ತಾರೆ ಎಂಬುದನ್ನು ಇಂದು ನಿಮ್ಮ ಮುಂದೆ ಬಿಡಿಸಿಡಬೇಕೆಂದಿದ್ದೇನೆ.

ಮೊದಲು ಕಣ್ಣಿನ ಒಳಗೆ ಹೋಗೋಣ. ಸಾಮಾನ್ಯ ವಯಸ್ಕರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಸಮೀಪದೃಷ್ಟಿಯವರಲ್ಲಿ ಈ ಉದ್ದ ಹೆಚ್ಚುತ್ತದೆ. ಕನ್ನಡಕದ ಪವರ್ ಮೈನಸ್ 6 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ ಸಮೀಪದೃಷ್ಟಿ ಎನ್ನುವುದು ರೂಢಿ; ಅಂತಹ ಕಣ್ಣುಗಳ ಉದ್ದ ಸಾಮಾನ್ಯವಾಗಿ 26 ಮಿಲಿಮೀಟರ್ ದಾಟಿರುತ್ತದೆ, ಕೆಲವರಲ್ಲಿ 30ನ್ನೂ ಮೀರುತ್ತದೆ. ಕೆಲವೇ ಮಿಲಿಮೀಟರ್ ತಾನೇ ಎಂದು ನಿಮಗೆ ಅನ್ನಿಸಬಹುದು. ಆದರೆ ಹೊರಗಿನ ಬಿಳಿಗೋಡೆ ಹಿಗ್ಗುತ್ತಾ ಹೋದಂತೆ ಅದರ ಒಳಗೆ ಅಂಟಿಕೊಂಡಿರುವ ಪದರಗಳೂ ಹಿಗ್ಗಲೇಬೇಕು, ಮತ್ತು ಅವೆಲ್ಲವೂ ಒಂದೇ ಸಮನೆ ಹಿಗ್ಗುವುದಿಲ್ಲ. ರೆಟಿನಾಕ್ಕೆ ರಕ್ತ ಒದಗಿಸುವ ಕೊರಾಯ್ಡ್ ಪದರ ತೆಳುವಾಗುತ್ತಾ ಹೋಗುತ್ತದೆ. ಆರೋಗ್ಯವಂತ ಕಣ್ಣಿನ ನಡುಭಾಗದಲ್ಲಿ 250ರಿಂದ 300 ಮೈಕ್ರೋಮೀಟರ್ ದಪ್ಪವಿರುವ ಈ ಪದರ ತೀವ್ರ ಸಮೀಪದೃಷ್ಟಿಯ ಕೆಲವು ಕಣ್ಣುಗಳಲ್ಲಿ 50ಕ್ಕಿಂತಲೂ ಕೆಳಗಿಳಿದಿರುತ್ತದೆ. ಕೊರಾಯ್ಡ್‌ಗೂ ರೆಟಿನಾಕ್ಕೂ ನಡುವೆ ಬ್ರೂಕ್ ಪೊರೆ ಎಂಬ ಅತಿ ತೆಳುವಾದ, ಹಿಗ್ಗುವ ಗುಣ ಕಡಿಮೆಯಿರುವ ಹಾಳೆಯಿದೆ. ಎಳೆತ ತಾಳದೆ ಅದು ಅಲ್ಲಲ್ಲಿ ಸೀಳುತ್ತದೆ. ಹಳೆಯ ಮರದ ಸಾಮಾನಿನ ಅರಗಿನ ಮೆರುಗು ಬಿರಿದಂತೆ ಕಾಣುವುದರಿಂದ ಈ ಸೀಳುಗಳಿಗೆ ಲ್ಯಾಕರ್ ಬಿರುಕು ಎಂದು ಹೆಸರು. ಕಣ್ಣಿನ ಹಿಂಗೋಡೆಯೇ ಒಂದು ಕಡೆ ಹೊರಕ್ಕೆ ಉಬ್ಬಿ ಗುಳಿಯಾದರೆ ಅದನ್ನು ಸ್ಟೆಫಿಲೋಮಾ ಎನ್ನುತ್ತೇವೆ.

ಈ ಬಿರುಕುಗಳ ಮೂಲಕ ಕೊರಾಯ್ಡ್‌ನಿಂದ ಹೊಸ ರಕ್ತನಾಳಗಳು ರೆಟಿನಾದ ಕೆಳಗೆ ನುಗ್ಗಿ ಬೆಳೆಯುತ್ತವೆ. ಬಿರುಕಿನಲ್ಲಿ ಬೇರಿಳಿಸುವ ಕಳೆಯಂತೆಯೇ ಇದು. ಅವು ಎಳೆಯ, ಗಟ್ಟಿಯಿಲ್ಲದ ನಾಳಗಳಾದ್ದರಿಂದ ನೀರು, ರಕ್ತ ಸೋರುತ್ತವೆ. ಸೋರಿದ ಜಾಗ ಮ್ಯಾಕ್ಯುಲಾ, ಅಂದರೆ ಓದುವ, ಮುಖ ಗುರುತಿಸುವ ನಡುದೃಷ್ಟಿಯ ಭಾಗವಾದ್ದರಿಂದ ನೋಟದ ಕೇಂದ್ರವೇ ಮಸುಕಾಗುತ್ತದೆ. ಕಾಲ ಕಳೆದಂತೆ ಅಲ್ಲಿ ಬಣ್ಣಗಟ್ಟಿದ ಕಲೆ ಉಳಿಯುತ್ತದೆ. 1901ರಲ್ಲಿ ನೇತ್ರವೈದ್ಯ ಅರ್ನ್ಸ್ಟ್ ಫುಕ್ಸ್ ವಿವರಿಸಿದ ಕಪ್ಪು ಮಚ್ಚೆ ಇದೇ, ಇಂದಿಗೂ ಅದು ಅವರ ಹೆಸರಿನಲ್ಲಿಯೇ ಇದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಏನಾಗುತ್ತಿತ್ತು ಎಂಬುದಕ್ಕೆ 2003ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು ಸಾಕ್ಷಿ: ಐದು ವರ್ಷಗಳಲ್ಲಿ ಸುಮಾರು ಶೇಕಡ 89ರಷ್ಟು ಕಣ್ಣುಗಳ ದೃಷ್ಟಿ 20/200 (ಇತರರಿಗೆ 200 ಅಡಿಯಿಂದ ಕಾಣುವುದು 20 ಅಡಿಯಿಂದ ಮಾತ್ರ ಕಾಣುವಷ್ಟು) ಅಥವಾ ಅದಕ್ಕಿಂತ ಕೆಳಕ್ಕೆ ಕುಸಿದಿತ್ತು, ಹತ್ತು ವರ್ಷಗಳಲ್ಲಿ ಶೇಕಡ 96ರಷ್ಟು. ಈ ಅಂಕಿಗಳನ್ನು ನೋಡಿದಾಗಲೆಲ್ಲ, ನನಗಿಂತ ಹಿಂದಿನ ತಲೆಮಾರಿನ ವೈದ್ಯರು ಇಂತಹ ರೋಗಿಗಳ ಮುಂದೆ ಏನು ಹೇಳಿ ಕಳುಹಿಸುತ್ತಿದ್ದರೋ ಎಂದು ಮನಸ್ಸು ಭಾರವಾಗುತ್ತದೆ.

ಈಗ ಪರಿಸ್ಥಿತಿ ಹಾಗಿಲ್ಲ. ಹೊಸ ರಕ್ತನಾಳ ಬೆಳೆಯುವಂತೆ ಪ್ರಚೋದಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ಔಷಧವನ್ನು ಕಣ್ಣಿನೊಳಕ್ಕೆ ಚುಚ್ಚಿ ಕೊಡುತ್ತೇವೆ. ರೇಡಿಯನ್ಸ್ ಎಂಬ ಪ್ರಯೋಗದಲ್ಲಿ 277 ಮಂದಿ ಭಾಗವಹಿಸಿದ್ದರು. ಇಂತಹ ಔಷಧಗಳಲ್ಲೊಂದಾದ ರಾನಿಬಿಜುಮ್ಯಾಬ್ ಪಡೆದವರು ಒಂದು ವರ್ಷದ ಕೊನೆಗೆ ದೃಷ್ಟಿಫಲಕದಲ್ಲಿ ಸರಾಸರಿ 14 ಅಕ್ಷರಗಳಷ್ಟು ಹೆಚ್ಚು ಓದಿದರು. ಅದರಲ್ಲಿ ನನ್ನ ಗಮನ ಹಿಡಿದದ್ದು ಬೇರೆಯೇ ಸಂಗತಿ. ಒಂದು ಗುಂಪಿನಲ್ಲಿ ದೃಷ್ಟಿ ಸ್ಥಿರವಾಗುವವರೆಗೆ ಔಷಧ ಕೊಟ್ಟರು, ಇನ್ನೊಂದರಲ್ಲಿ ರೋಗ ಸಕ್ರಿಯವಾಗಿದೆ ಎಂದು ಕಂಡಾಗ ಮಾತ್ರ ಕೊಟ್ಟರು. ಮೊದಲ ಗುಂಪಿನಲ್ಲಿ ವರ್ಷಕ್ಕೆ ಮಧ್ಯಾಂಕ 4 ಇಂಜೆಕ್ಷನ್, ಎರಡನೆಯದರಲ್ಲಿ ಎರಡೇ. ದೃಷ್ಟಿಯ ಲಾಭ ಮಾತ್ರ ಹೆಚ್ಚುಕಡಿಮೆ ಒಂದೇ. ಮೊದಲ ಆರು ತಿಂಗಳ ನಂತರ ಅರ್ಧಕ್ಕಿಂತ ಹೆಚ್ಚಿನವರಿಗೆ ಇಂಜೆಕ್ಷನ್ ಬೇಕಾಗಲೇ ಇಲ್ಲ. ವಯೋಸಹಜ ಮ್ಯಾಕ್ಯುಲಾ ರೋಗದಲ್ಲಿ ವರ್ಷಗಟ್ಟಲೆ ಇಂಜೆಕ್ಷನ್ ಕೊಡುತ್ತಾ ಬಂದವರಿಗೆ ಇದು ಹೊಸ ಅನುಭವ. ಹೆಚ್ಚಿನವರಲ್ಲಿ ಬೇಗ ಶಮನವಾಗುವ, ಕೆಲವರಲ್ಲಿ ಮರುಕಳಿಸುವ ರೋಗ ಇದು. ಯಾರಲ್ಲಿ ಎಂಬುದು ಮೊದಲೇ ತಿಳಿದರೆ ಎಲ್ಲರನ್ನೂ ತಿಂಗಳು ತಿಂಗಳೂ ಅಲೆಸಬೇಕಾಗಿಲ್ಲ, ಅಪಾಯವಿರುವವರನ್ನು ಕೈಬಿಡಬೇಕಾಗಿಯೂ ಇಲ್ಲ. ಮುನ್ನಂದಾಜು ಬೇಕಾಗಿರುವುದು ಈ ಒಂದು ಕಾರಣಕ್ಕೆ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ತೀವ್ರ ಸಮೀಪದೃಷ್ಟಿಯಲ್ಲಿ ಮರುಕಳಿಸುವುದು ಈ ರಕ್ತನಾಳಗಳಷ್ಟೇ ಅಲ್ಲ. ರೆಟಿನಾ ಕಳಚುವಿಕೆಯೂ ಮರುಕಳಿಸುತ್ತದೆ. ರೆಟಿನಾದಲ್ಲಿ ತೂತಾಗಿ, ಆ ತೂತಿನಿಂದಲೇ ದ್ರವ ಒಳಹೊಕ್ಕು ಪದರ ಕಳಚುತ್ತದೆ ಎಂಬುದನ್ನು ಕಳೆದ ಶತಮಾನದ ಮೊದಲ ದಶಕಗಳಲ್ಲಿ ನೇತ್ರವೈದ್ಯ ಜೂಲ್ ಗೊನಾನ್ ಸಾಧಿಸಿ ತೋರಿಸುವವರೆಗೆ ಇದು ಹೆಚ್ಚುಕಡಿಮೆ ಗುಣವಾಗದ ರೋಗವೆನಿಸಿತ್ತು. ಸ್ಟೆಫಿಲೋಮಾದ ಗುಳಿಯಲ್ಲಿ ಗೋಡೆ ಹಿಗ್ಗಿ ರೆಟಿನಾ ಸಾಲದಾಗುವುದರಿಂದ, ಮ್ಯಾಕ್ಯುಲಾದ ನಡುವೆಯೇ ತೂತಾದ ಕಣ್ಣುಗಳಲ್ಲಿ ಒಮ್ಮೆ ಅಂಟಿಸಿದ ಪದರ ಮತ್ತೆ ಕಳಚುವ ಭಯ ಉಳಿದೇ ಇರುತ್ತದೆ. ಆ ಮರುಕಳಿಕೆಯ ಲೆಕ್ಕಾಚಾರವೇ ಬೇರೆ: ಶಸ್ತ್ರಚಿಕಿತ್ಸೆಯ ಬಗೆ, ತೂತು ಮುಚ್ಚಿತೋ ಇಲ್ಲವೋ, ಕಲೆಯ ಪೊರೆ ಬೆಳೆಯಿತೋ ಎಂಬುವು ಅಲ್ಲಿ ಮುಖ್ಯ. ಎರಡನ್ನೂ "ರೆಟಿನಾ ತೊಂದರೆ" ಎಂಬ ಒಂದೇ ಚೀಲಕ್ಕೆ ತುಂಬಿ ಒಂದೇ ಸೂತ್ರ ಹುಡುಕಲು ಹೊರಟ ಪ್ರಯತ್ನಗಳನ್ನು ನಾನು ನೋಡಿದ್ದೇನೆ. ಅದು ಸಲ್ಲದು. ಕಾರಣ ಬೇರೆಯಾದರೆ ಮುನ್ಸೂಚಕಗಳೂ ಬೇರೆಯೇ. ಇಂದು ನಾನು ರಕ್ತನಾಳದ ಮರುಕಳಿಕೆಯ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಮರುಕಳಿಕೆ ಎಂದರೇನು? ಎಲ್ಲರಿಗೂ ಗೊತ್ತಿರುವ ಪದ, ಆದರೆ ಹತ್ತು ವೈದ್ಯರನ್ನು ಕೇಳಿದರೆ ಹತ್ತು ಉತ್ತರ ಬರಬಹುದು. ಸೋರಿಕೆ ನಿಂತು ಒಂದು ತಿಂಗಳಿಗೆ ಮತ್ತೆ ಸೋರಿದರೆ ಅದು ಮರುಕಳಿಕೆಯೋ, ಅಥವಾ ಮೊದಲ ರೋಗ ಪೂರ್ತಿ ಆರಿರಲೇ ಇಲ್ಲವೋ? ಬೂದಿಯಡಿ ಉಳಿದ ಕೆಂಡ ಮತ್ತೆ ಹೊತ್ತಿಕೊಳ್ಳುವುದೇ ಬೇರೆ, ಆರಿದ ಒಲೆಗೆ ಹೊಸದಾಗಿ ಕಿಚ್ಚು ತಗಲುವುದೇ ಬೇರೆ. ಹಳೆಯ ಗಂಟಿನ ಅಂಚಿನಲ್ಲೇ ಬೆಳೆದದ್ದನ್ನೂ, ಬೇರೊಂದು ಬಿರುಕಿನಲ್ಲಿ ಹೊಸದಾಗಿ ಮೊಳೆತದ್ದನ್ನೂ ಒಂದೇ ಎಂದು ಎಣಿಸಬೇಕೆ? ದೃಷ್ಟಿ ಇಳಿದರೆ ಮಾತ್ರ ಮರುಕಳಿಕೆಯೇ, ಸ್ಕ್ಯಾನಿನಲ್ಲಿ ಕಂಡರೂ ಸಾಕೇ? ಒಂದು ಅಧ್ಯಯನ ಮೂರು ತಿಂಗಳ ಶಾಂತಿಯ ನಂತರ ಬಂದದ್ದನ್ನು ಮಾತ್ರ ಎಣಿಸಿದರೆ, ಇನ್ನೊಂದು ಎರಡನೆಯ ಇಂಜೆಕ್ಷನ್ ಬೇಕಾದದ್ದನ್ನೆಲ್ಲ ಎಣಿಸಿದರೆ, ಎರಡರ ಶೇಕಡಾವಾರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಪ್ರಕಟವಾದ ಮರುಕಳಿಕೆಯ ಪ್ರಮಾಣಗಳು ಒಂದಕ್ಕೊಂದು ಅಷ್ಟು ದೂರ ಇರುವುದಕ್ಕೆ ರೋಗಿಗಳಲ್ಲಿನ ವ್ಯತ್ಯಾಸಕ್ಕಿಂತ ಈ ವ್ಯಾಖ್ಯಾನದ ವ್ಯತ್ಯಾಸವೇ ದೊಡ್ಡ ಕಾರಣ ಎಂಬುದು ನನ್ನ ನಂಬಿಕೆ.

ಸಕ್ರಿಯವಾಗಿರುವುದನ್ನು ಗುರುತಿಸುವುದು ಹೇಗೆ ಎಂಬುದನ್ನು ಹತ್ತಿರದಿಂದ ತೋರಿಸುತ್ತೇನೆ. ಓಸಿಟಿ ಸ್ಕ್ಯಾನ್ 1991ರಲ್ಲಿ ಮೊದಲು ವರದಿಯಾದ ತಂತ್ರ. ಬೆಳಕಿನಿಂದಲೇ ರೆಟಿನಾವನ್ನು ಅಡ್ಡ ಕೊಯ್ದು ನೋಡಿದಂತೆ ಪದರ ಪದರವಾಗಿ ತೋರಿಸುತ್ತದೆ. ಆ ಮಹಿಳೆಯ ಮೊದಲ ದಿನದ ಸ್ಕ್ಯಾನಿನಲ್ಲಿ ರೆಟಿನಾದ ತಳದಲ್ಲಿ ಬೂದುಬಣ್ಣದ ಒಂದು ಉಬ್ಬು ಇತ್ತು. ಅದರ ಮೇಲಂಚು ಎಲ್ಲಿ ಮುಗಿಯಿತು, ರೆಟಿನಾ ಎಲ್ಲಿ ಆರಂಭವಾಯಿತು ಎಂದು ಬೆರಳಿಟ್ಟು ತೋರಿಸಲಾಗದಷ್ಟು ಕಲಸಿಹೋಗಿತ್ತು, ಒರಟು ಕಾಗದದ ಮೇಲೆ ಬಿದ್ದ ಶಾಯಿಯ ಹನಿ ಹರಡಿದಂತೆ. ಎರಡು ತಿಂಗಳ ನಂತರದ ಸ್ಕ್ಯಾನಿನಲ್ಲಿ ಅದೇ ಉಬ್ಬು ಕುಗ್ಗಿ, ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದಂತೆ ಸ್ಪಷ್ಟವಾಗಿತ್ತು. ಸಮೀಪದೃಷ್ಟಿಯ ಈ ರೋಗದಲ್ಲಿ ನೀರು ತುಂಬುವುದು ಕಡಿಮೆ. ವಯೋಸಹಜ ರೋಗದಲ್ಲಿ ಹುಡುಕುವಂತೆ ಬರೀ ನೀರಿನ ಕಪ್ಪು ಗುಳ್ಳೆಗಳನ್ನು ಹುಡುಕಿದರೆ ಸಕ್ರಿಯ ರೋಗವನ್ನೇ ಕಾಣದೆ ಬಿಡುತ್ತೇವೆ. ಹಾಗಾಗಿ ಅಂಚಿನ ಕಲಸಾಟವೇ ಇಲ್ಲಿ ಮುಖ್ಯ ಸುಳಿವು. ಸಂಶಯ ಬಂದಾಗ ಫ್ಲೋರೆಸೀನ್ ಬಣ್ಣವನ್ನು ರಕ್ತಕ್ಕೆ ಸೇರಿಸಿ ಸೋರಿಕೆಯ ಚಿತ್ರ ತೆಗೆಯುತ್ತೇವೆ. ಓಸಿಟಿ ಆಂಜಿಯೋಗ್ರಫಿ ಬಂದ ಮೇಲೆ ಬಣ್ಣವಿಲ್ಲದೆಯೇ ನಾಳಗಳ ಜಾಲ ಕಾಣುತ್ತದೆ. ಆದರೆ ಜಾಲವಿದೆ ಎಂದ ಮಾತ್ರಕ್ಕೆ ಅದು ಸೋರುತ್ತಿದೆ ಎಂದಲ್ಲ. ಶಾಂತವಾದ ಗಂಟಿನಲ್ಲೂ ಹರಿವು ಉಳಿದಿರಬಹುದು.

ಇಲ್ಲಿಯೇ ಇನ್ನೊಂದು ಬಲೆಯಿದೆ. ಬ್ರೂಕ್ ಪೊರೆ ಹೊಸದಾಗಿ ಬಿರಿದಾಗ ರಕ್ತನಾಳದ ಗಂಟು ಇಲ್ಲದೆಯೂ ಸಣ್ಣ ರಕ್ತಸ್ರಾವವಾಗುತ್ತದೆ, ಅದು ತಾನಾಗಿಯೇ ಕರಗುತ್ತದೆ. ಹಿಂದೆ ಗಂಟಿದ್ದ ಕಣ್ಣಿನಲ್ಲಿ ಇಂತಹ ರಕ್ತದ ಚುಕ್ಕೆ ಕಂಡರೆ "ಮರುಕಳಿಸಿತು" ಎಂದು ಬರೆದುಬಿಡುವುದು ಸುಲಭ. ಹಾಗೆ ಬರೆದ ದಾಖಲೆಗಳಿಂದ ಮಾದರಿಯೊಂದನ್ನು, ಅಂದರೆ ಅಳತೆಗಳಿಂದ ಅಪಾಯವನ್ನು ಅಂದಾಜಿಸುವ ಲೆಕ್ಕದ ಸೂತ್ರವೊಂದನ್ನು, ಕಟ್ಟಿದರೆ ಅದು ಮರುಕಳಿಕೆಯನ್ನಲ್ಲ, ನಮ್ಮ ಅವಸರವನ್ನು ಮುಂಗಾಣುತ್ತದೆ.

ಇನ್ನು ಮುನ್ಸೂಚಕಗಳ ವಿಷಯ. ಗಂಟಿನ ಗಾತ್ರ, ರೋಗಿಯ ವಯಸ್ಸು, ಕಣ್ಣಿನ ಉದ್ದ, ಕೊರಾಯ್ಡ್‌ನ ದಪ್ಪ, ಸ್ಟೆಫಿಲೋಮಾದ ಇರುವಿಕೆ, ಗಂಟು ಮ್ಯಾಕ್ಯುಲಾದ ನಟ್ಟನಡುವೆ ಇದೆಯೋ ಪಕ್ಕದಲ್ಲಿದೆಯೋ, ಮೊದಲ ಇಂಜೆಕ್ಷನ್ನಿಗೆ ಎಷ್ಟು ಬೇಗ ಅಂಚು ಸ್ಪಷ್ಟವಾಯಿತು, ಇವೆಲ್ಲವನ್ನೂ ಬೇರೆ ಬೇರೆ ತಂಡಗಳು ಪರಿಶೀಲಿಸಿವೆ. ಗಂಟು ದೊಡ್ಡದಿದ್ದರೆ ಮರುಕಳಿಸುವ ಸಂಭವ ಹೆಚ್ಚು ಎಂಬ ಮಾತು ಒಂದಕ್ಕಿಂತ ಹೆಚ್ಚು ಕಡೆ ಕೇಳಿಬಂದಿದೆ. ವಯಸ್ಸಿನ ಬಗ್ಗೆ ಒಮ್ಮತ ಕಡಿಮೆ. ದೃಷ್ಟಿಯ ದೂರದ ಫಲಿತಾಂಶವನ್ನು ನೋಡಿದರೆ 40ರೊಳಗಿನವರ ಸ್ಥಿತಿ ಅದಕ್ಕಿಂತ ಹಿರಿಯರಿಗಿಂತ ಮೇಲು ಎಂಬುದು ಗಟ್ಟಿಯಾದ ಮಾತು, ಆದರೆ ದೃಷ್ಟಿಯ ಫಲಿತಾಂಶವೂ ಮರುಕಳಿಕೆಯೂ ಒಂದೇ ಅಲ್ಲ. ಗಂಟು ಒಮ್ಮೆಯೂ ಮರುಕಳಿಸದಿದ್ದರೂ ಅದರ ಸುತ್ತ ವರ್ಷಗಳುದ್ದಕ್ಕೂ ರೆಟಿನಾ ಸವೆದು, ಬಿಳಿಚಿಕೊಂಡು, ದೃಷ್ಟಿ ಇಳಿಯಬಹುದು. ಮರುಕಳಿಕೆಯ ಅಪಾಯ ಕಡಿಮೆ ಎಂದು ಹೇಳುವಾಗ ರೋಗಿಗೆ "ದೃಷ್ಟಿ ಉಳಿಯುತ್ತದೆ" ಎಂದು ಕೇಳಿಸದಂತೆ ನೋಡಿಕೊಳ್ಳಬೇಕು.

ಈ ಪಟ್ಟಿಯಲ್ಲಿ ನಾನು ಬೇಕೆಂದೇ ಒಂದನ್ನು ಬಿಟ್ಟಿದ್ದೇನೆ: ಇಂಜೆಕ್ಷನ್ನುಗಳ ಸಂಖ್ಯೆ. "ಹೆಚ್ಚು ಇಂಜೆಕ್ಷನ್ ಪಡೆದವರಲ್ಲಿ ಮರುಕಳಿಕೆ ಹೆಚ್ಚು" ಎಂಬಂತಹ ಫಲಿತಾಂಶವನ್ನು ಓದಿದಾಗ ನೀವು ಒಂದು ಕ್ಷಣ ನಿಲ್ಲಬೇಕು. ಇಡೀ ಅವಧಿಯ ಒಟ್ಟು ಇಂಜೆಕ್ಷನ್ನುಗಳನ್ನು ಎಣಿಸಿದ್ದರೆ ಮರುಕಳಿಸಿದವರಿಗೆ ಹೆಚ್ಚು ಇಂಜೆಕ್ಷನ್ ಬಿದ್ದಿರಲೇಬೇಕು, ಏಕೆಂದರೆ ಮರುಕಳಿಸಿತೆಂದೇ ಅವನ್ನು ಕೊಟ್ಟದ್ದು. ಮಳೆ ಬಂದದ್ದರಿಂದ ಕೊಡೆ ಬಿಚ್ಚಿದವರನ್ನು ಎಣಿಸಿ, ಕೊಡೆಯೇ ಮಳೆಯ ಮುನ್ಸೂಚನೆ ಎಂದಂತೆ ಆಯಿತು. ಮುನ್ನಂದಾಜು ಮಾಡುವ ದಿನ ನನ್ನ ಕೈಯಲ್ಲಿ ಇಲ್ಲದ ಮಾಹಿತಿಯನ್ನು ಮುನ್ಸೂಚಕವೆಂದು ಬಳಸುವ ಹಾಗಿಲ್ಲ. ನಿಯಮ ಸರಳವಾಗಿದೆ, ಆದರೆ ಉಲ್ಲಂಘನೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಎರಡು ವರ್ಷದ ಸರಾಸರಿ ದಪ್ಪ, ಕೊನೆಯ ಭೇಟಿಯ ದೃಷ್ಟಿ, ಕಲೆಯ ಅಂತಿಮ ಗಾತ್ರ ಇಂತಹವು ಮೆಲ್ಲನೆ ಒಳನುಸುಳುತ್ತವೆ, ಮತ್ತು ಮಾದರಿಯ ನಿಖರತೆ ಕಾಗದದ ಮೇಲೆ ಅದ್ಭುತವಾಗಿ ಏರುತ್ತದೆ. ನನ್ನ ಕಿರಿಯ ಸಹೋದ್ಯೋಗಿಗಳಿಗೆ ನಾನು ಹೇಳುವುದು ಇಷ್ಟೇ: ಗಂಟು ಶಾಂತವಾಯಿತೆಂದು ಘೋಷಿಸಿದ ದಿನಾಂಕವನ್ನು ಕಾಗದದಲ್ಲಿ ಬರೆದು, ಅದರ ಕೆಳಗೆ ಗೆರೆ ಎಳೆಯಿರಿ, ಗೆರೆಯ ಮೇಲಿರುವುದನ್ನು ಮಾತ್ರ ಮಾದರಿಗೆ ಕೊಡಿ.

ಆರಂಭದಲ್ಲಿ ಕೊಟ್ಟ ಇಂಜೆಕ್ಷನ್ನುಗಳನ್ನಷ್ಟೇ ಎಣಿಸಿದರೆ ಆಗದೇ ಎಂದು ನೀವು ಕೇಳಬಹುದು. ಅದು ಗೆರೆಯ ಮೇಲಿನ ಮಾಹಿತಿಯೇ, ಸರಿ. ಆದರೂ ಅದರಲ್ಲಿ ವೈದ್ಯರ ಮನಸ್ಸು ಬೆರೆತಿದೆ. ರೋಗ ತೀವ್ರವಾಗಿ ಕಂಡ ಕಣ್ಣಿಗೆ ವೈದ್ಯರು ಮೂರು ಕೊಡುತ್ತಾರೆ, ಸೌಮ್ಯವಾಗಿ ಕಂಡದ್ದಕ್ಕೆ ಒಂದು. ಆಮೇಲೆ ಮೂರು ಪಡೆದವರಲ್ಲಿ ಮರುಕಳಿಕೆ ಹೆಚ್ಚು ಕಂಡರೆ ಇಂಜೆಕ್ಷನ್ನೇ ಕಾರಣವೆಂದೋ, ಕಡಿಮೆ ಕೊಡುವುದೇ ಒಳ್ಳೆಯದೆಂದೋ ತೀರ್ಮಾನಿಸುವುದು ದೊಡ್ಡ ತಪ್ಪು. ಮುನ್ಸೂಚಕ ಎಂಬುದು ಕಾರಣವಲ್ಲ ಎಂಬ ಎಚ್ಚರ ಸದಾ ಇರಬೇಕು.

ಕಾಲದ ಲೆಕ್ಕಕ್ಕೆ ಬರೋಣ. "ಶೇಕಡ 25ರಷ್ಟು ಮಂದಿಯಲ್ಲಿ ಮರುಕಳಿಸುತ್ತದೆ" ಎಂದರೆ ವಾಕ್ಯ ಅಪೂರ್ಣ. ಎಷ್ಟು ಕಾಲದೊಳಗೆ ಎಂಬುದನ್ನು ಹೇಳದಿದ್ದರೆ ಅದಕ್ಕೆ ಬೆಲೆಯಿಲ್ಲ. ಒಬ್ಬರನ್ನು ಐದು ವರ್ಷ ನೋಡಿರುತ್ತೇವೆ, ಇನ್ನೊಬ್ಬರು ಎಂಟನೆಯ ತಿಂಗಳ ನಂತರ ಬರುವುದನ್ನೇ ನಿಲ್ಲಿಸಿರುತ್ತಾರೆ. ಆ ಎರಡನೆಯವರನ್ನು "ಮರುಕಳಿಸಲಿಲ್ಲ" ಎಂಬ ಸಾಲಿಗೆ ಸೇರಿಸಿದರೆ ಸುಳ್ಳಾಗುತ್ತದೆ, ಕೈಬಿಟ್ಟರೆ ಅವರು ಕೊಟ್ಟ ಎಂಟು ತಿಂಗಳ ಮಾಹಿತಿ ವ್ಯರ್ಥ. ಸಂಖ್ಯಾಶಾಸ್ತ್ರದಲ್ಲಿ 1958ರಲ್ಲಿ ಕಾಪ್ಲಾನ್ ಮತ್ತು ಮಯರ್ ತೋರಿಸಿದ ವಿಧಾನ, 1972ರಲ್ಲಿ ಡೇವಿಡ್ ಕಾಕ್ಸ್ ಕೊಟ್ಟ ಮಾದರಿ, ಎರಡೂ ಈ ಇಕ್ಕಟ್ಟನ್ನು ಬಿಡಿಸಲೆಂದೇ ಇವೆ: ಪ್ರತಿಯೊಬ್ಬರೂ ನಮ್ಮ ಕಣ್ಣಳತೆಯಲ್ಲಿ ಇದ್ದಷ್ಟು ಕಾಲ ಲೆಕ್ಕಕ್ಕೆ ಬರುತ್ತಾರೆ, ಆಮೇಲೆ ಗೌರವದಿಂದ ಹೊರಗುಳಿಯುತ್ತಾರೆ. ಆದರೆ ಈ ವಿಧಾನಗಳಿಗೂ ಒಂದು ಷರತ್ತಿದೆ. ಬರುವುದನ್ನು ನಿಲ್ಲಿಸಿದ್ದಕ್ಕೂ ಕಣ್ಣಿನ ಸ್ಥಿತಿಗೂ ಸಂಬಂಧವಿರಬಾರದು. ಚೆನ್ನಾಗಿ ಕಾಣುತ್ತಿದೆ ಎಂದು ನಿಲ್ಲಿಸಿದವರೂ, ಇನ್ನೇನೂ ಕಾಣುವುದಿಲ್ಲ ಎಂದು ಕೈಚೆಲ್ಲಿದವರೂ ಇರುತ್ತಾರೆ. ಅವರಿಗೆ ಫೋನು ಮಾಡಿ ಕೇಳುವುದು ಸಂಖ್ಯಾಶಾಸ್ತ್ರದ ಯಾವ ಸೂತ್ರಕ್ಕಿಂತಲೂ ಹೆಚ್ಚಿನ ಬೆಲೆಯ ಕೆಲಸ.

ಮತ್ತೊಂದು ಸೂಕ್ಷ್ಮವನ್ನು ಗಮನಿಸಿ. ಮರುಕಳಿಕೆ ನಡೆದ ದಿನ ನಮಗೆಂದೂ ತಿಳಿಯುವುದಿಲ್ಲ, ತಿಳಿಯುವುದು ಅದು ಪತ್ತೆಯಾದ ದಿನ ಮಾತ್ರ. ತಿಂಗಳಿಗೊಮ್ಮೆ ಬರುವವರಲ್ಲಿ ಅದು ಬೇಗ ಪತ್ತೆಯಾಗುತ್ತದೆ, ಆರು ತಿಂಗಳಿಗೊಮ್ಮೆ ಬರುವವರಲ್ಲಿ ತಡವಾಗಿ. ನಾವೇ ಅಪಾಯವಿದೆಯೆಂದು ಬಗೆದವರನ್ನು ಹೆಚ್ಚು ಸಲ ಕರೆಸುತ್ತೇವೆ, ಹೆಚ್ಚು ಸಲ ನೋಡಿದ್ದರಿಂದ ಹೆಚ್ಚು ಕಾಣುತ್ತೇವೆ, ಕಂಡದ್ದನ್ನೇ ನಮ್ಮ ಊಹೆಗೆ ಪುರಾವೆ ಎನ್ನುತ್ತೇವೆ. ಈ ಸುತ್ತನ್ನು ಒಡೆಯಲು ಇರುವುದು ಒಂದೇ ದಾರಿ, ಅಧ್ಯಯನದ ಅವಧಿಯಲ್ಲಾದರೂ ಎಲ್ಲರನ್ನೂ ಒಂದೇ ಅಂತರದಲ್ಲಿ ನೋಡುವುದು.

ಈಗ ಯಂತ್ರಗಳ ಕಡೆ. ಸ್ಕ್ಯಾನ್ ಚಿತ್ರಗಳನ್ನೇ ಕಂಪ್ಯೂಟರಿಗೆ ಉಣಿಸಿ ಮರುಕಳಿಕೆಯನ್ನು ಹೇಳಿಸುವ ಪ್ರಯತ್ನಗಳು ಹೆಚ್ಚುತ್ತಿವೆ, ಮತ್ತು ನಾನು ಅವುಗಳ ವಿರೋಧಿಯಲ್ಲ. ನಮ್ಮ ಕಣ್ಣು ಗಮನಿಸದ ವಿನ್ಯಾಸವನ್ನು ಅವು ಹಿಡಿಯಬಲ್ಲವು. ಆದರೆ ಈ ರೋಗ ಅಪರೂಪದ್ದು, ಒಂದು ಆಸ್ಪತ್ರೆಯಲ್ಲಿ ಸಿಗುವ ಕಣ್ಣುಗಳು ಕೆಲವು ನೂರು. 200 ಕಣ್ಣುಗಳಿವೆ, ಅವುಗಳಲ್ಲಿ 50 ಮರುಕಳಿಸಿವೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಮೂವತ್ತು ನಲವತ್ತು ಅಳತೆಗಳನ್ನು ಹೇರಿದರೆ ಮಾದರಿ ಆ 50 ಕಣ್ಣುಗಳನ್ನು ಬಾಯಿಪಾಠ ಮಾಡುತ್ತದೆ, ರೋಗವನ್ನು ಕಲಿಯುವುದಿಲ್ಲ. ಅದೇ ರೋಗಿಯ ಬಲಗಣ್ಣನ್ನು ಕಲಿಕೆಗೂ ಎಡಗಣ್ಣನ್ನು ಪರೀಕ್ಷೆಗೂ ಇಟ್ಟರೆ ಪ್ರಶ್ನೆಪತ್ರಿಕೆ ಮೊದಲೇ ಬಯಲಾದಂತೆ. ವಿಂಗಡಣೆ ಯಾವಾಗಲೂ ರೋಗಿಯ ಲೆಕ್ಕದಲ್ಲಿ ಆಗಬೇಕು, ಕಣ್ಣಿನ ಅಥವಾ ಚಿತ್ರದ ಲೆಕ್ಕದಲ್ಲಲ್ಲ. ಕೊನೆಗೆ ಬೇರೊಂದು ಆಸ್ಪತ್ರೆಯ, ಬೇರೊಂದು ಯಂತ್ರದ ಚಿತ್ರಗಳ ಮೇಲೆ ಅದು ನಿಲ್ಲಬೇಕು. ಇಂತಹ ಮಾದರಿಗಳನ್ನು ವರದಿ ಮಾಡುವಾಗ ಏನೇನನ್ನು ಬಿಚ್ಚಿಡಬೇಕು ಎಂಬುದಕ್ಕೆ 2015ರಲ್ಲಿ ಬಂದ ಟ್ರೈಪಾಡ್ ಮಾರ್ಗಸೂಚಿಯಿದೆ, 2024ರಲ್ಲಿ ಅದನ್ನು ಕೃತಕ ಬುದ್ಧಿಮತ್ತೆಗೂ ವಿಸ್ತರಿಸಿದ್ದಾರೆ. ಲೇಖನ ಓದುವವರು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.

ಒಂದು ಲೆಕ್ಕವನ್ನು ನಿಮ್ಮ ಮುಂದೆಯೇ ಮಾಡುತ್ತೇನೆ; ಅಂಕಿಗಳು ಉದಾಹರಣೆಗೆಂದು ನಾನು ಇಟ್ಟುಕೊಂಡವು. ನೂರು ರೋಗಿಗಳಲ್ಲಿ ಎರಡು ವರ್ಷದೊಳಗೆ 25 ಮಂದಿಗೆ ಮರುಕಳಿಸುತ್ತದೆ ಎನ್ನೋಣ. ಮಾದರಿಯು ಮರುಕಳಿಸುವವರಲ್ಲಿ ಶೇಕಡ 80 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ, ಮರುಕಳಿಸದವರಲ್ಲಿ ಶೇಕಡ 80 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಆಗ 25ರಲ್ಲಿ 20 ಮಂದಿ ಸಿಕ್ಕಿದರು, ಉಳಿದ 75ರಲ್ಲಿ 15 ಮಂದಿಯನ್ನು ಅನಗತ್ಯವಾಗಿ ಹೆದರಿಸಿದೆವು. "ನಿಮಗೆ ಅಪಾಯವಿದೆ" ಎಂದು ಕೇಳಿಸಿಕೊಂಡ 35 ಮಂದಿಯಲ್ಲಿ ನಿಜವಾಗಿ ಮರುಕಳಿಸಿದ್ದು 20, ಅಂದರೆ ಶೇಕಡ 57. "ಚಿಂತೆಯಿಲ್ಲ" ಎಂದು ಕೇಳಿಸಿಕೊಂಡ 65ರಲ್ಲಿ 5 ಮಂದಿಗೆ ಮರುಕಳಿಸಿತು. ಈಗ ಅದೇ ಮಾದರಿಯನ್ನು ನೂರಕ್ಕೆ ಹತ್ತೇ ಮಂದಿಗೆ ಮರುಕಳಿಸುವ ಇನ್ನೊಂದು ಕಡೆಗೆ ಒಯ್ಯಿರಿ. ಸಿಕ್ಕವರು 8, ಹೆದರಿದವರು 18. ಅಪಾಯವಿದೆ ಎಂದವರಲ್ಲಿ ನಿಜವಾದದ್ದು ಶೇಕಡ 31 ಮಾತ್ರ. ಮಾದರಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ಆದರೆ ಅದರ ಮಾತಿನ ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಇದರಿಂದಲೇ ನಾನು ವಿಂಗಡಿಸುವ ಶಕ್ತಿಗಿಂತ ತಾಳೆಯನ್ನು ಹೆಚ್ಚು ನೋಡುತ್ತೇನೆ. ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂದು ಸಾಲಿನಲ್ಲಿ ನಿಲ್ಲಿಸುವುದು ಒಂದು ಕೆಲಸ. ಶೇಕಡ 20 ಅಪಾಯ ಎಂದು ಹೇಳಿಸಿಕೊಂಡ ನೂರು ಮಂದಿಯಲ್ಲಿ ಸುಮಾರು 20 ಮಂದಿಗೇ ಮರುಕಳಿಸಿತೇ, ಅಥವಾ 40 ಮಂದಿಗೆ ಆಯಿತೇ ಎಂದು ನೋಡುವುದು ಇನ್ನೊಂದು. ಸಾಲು ಸರಿಯಿದ್ದು ತಾಳೆ ತಪ್ಪಿರುವ ಮಾದರಿಗಳು ಬಹಳ. ನನ್ನ ಎದುರು ಕುಳಿತವರಿಗೆ ಸಾಲಿನಲ್ಲಿ ತಮ್ಮ ಸ್ಥಾನ ಬೇಕಿಲ್ಲ, ತಮ್ಮ ಕಣ್ಣಿನ ಅಂಕಿ ಬೇಕು.

ಆ ಅಂಕಿಯಿಂದ ಏನು ಬದಲಾಗುತ್ತದೆ? ಯಾವ ಅಂಕಿ ಬಂದರೂ ಮುಂದಿನ ಭೇಟಿ ಒಂದು ತಿಂಗಳಿಗೇ ಎಂದಾದರೆ ಅಷ್ಟು ಶ್ರಮವೇಕೆ? ನನ್ನ ಮಟ್ಟಿಗೆ ಈ ಅಂಕಿ ತೀರ್ಮಾನಿಸಬೇಕಾದದ್ದು ಭೇಟಿಗಳ ಅಂತರವನ್ನು. ಅಪಾಯ ಕಂಡಿತೆಂದು ಶಾಂತವಾಗಿರುವ ಕಣ್ಣಿಗೆ ಮುಂಜಾಗ್ರತೆಯ ಇಂಜೆಕ್ಷನ್ ಕೊಡುವುದಕ್ಕೆ ನಾನು ಒಪ್ಪುವುದಿಲ್ಲ. ಸೋಂಕಿನ ಅಪಾಯ ಸಾವಿರಾರು ಇಂಜೆಕ್ಷನ್ನುಗಳಿಗೆ ಒಂದಾದರೂ ಅದು ಕಣ್ಣನ್ನೇ ಕಸಿದುಕೊಳ್ಳಬಲ್ಲದು, ಮತ್ತು ಉದ್ದವಾದ ಈ ಕಣ್ಣುಗಳಲ್ಲಿ ರೆಟಿನಾ ಮೊದಲೇ ದುರ್ಬಲ. ಹಾಗೆಯೇ ಅಪಾಯ ಕಡಿಮೆ ಎಂಬ ಅಂಕಿಯನ್ನು ಹಿಡಿದು "ಇನ್ನು ಬರಬೇಡಿ" ಎನ್ನುವುದಕ್ಕೂ ಒಪ್ಪುವುದಿಲ್ಲ.

ಎರಡು ಭೇಟಿಗಳ ನಡುವಿನ ದಿನಗಳಲ್ಲಿ ಕಣ್ಣನ್ನು ನೋಡಿಕೊಳ್ಳುವವರು ರೋಗಿಯೇ. ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ ರೂಪಿಸಿದ ಚೌಕಳಿ ಕಾರ್ಡು ಹತ್ತು ಸೆಂಟಿಮೀಟರ್ ಅಗಲದ್ದು, ಐದು ಮಿಲಿಮೀಟರಿನ 400 ಮನೆಗಳು, ನಡುವೆ ಒಂದು ಚುಕ್ಕೆ. ಒಂದು ಕಣ್ಣು ಮುಚ್ಚಿ, ಚುಕ್ಕೆಯನ್ನೇ ದಿಟ್ಟಿಸುತ್ತಾ, ಗೆರೆಗಳು ಬಾಗಿವೆಯೇ, ಯಾವುದಾದರೂ ಮನೆ ಮಾಸಿದೆಯೇ ಎಂದು ನೋಡಬೇಕು. ತೀವ್ರ ಸಮೀಪದೃಷ್ಟಿಯವರಲ್ಲಿ ಇದಕ್ಕೊಂದು ತೊಡಕಿದೆ, ಅದನ್ನು ನಾವು ಹೇಳಿಕೊಡಲು ಮರೆಯುತ್ತೇವೆ. ಮೈನಸ್ ಒಂಬತ್ತರ ಕಣ್ಣು ಕನ್ನಡಕವಿಲ್ಲದೆ ಸುಮಾರು 11 ಸೆಂಟಿಮೀಟರ್ ದೂರದಲ್ಲಿ ಚೊಕ್ಕವಾಗಿ ಕಾಣುತ್ತದೆ, ಆದ್ದರಿಂದ ಅವರು ಕನ್ನಡಕ ತೆಗೆದು ಕಾರ್ಡನ್ನು ಮೂಗಿನ ಬಳಿ ಹಿಡಿಯುತ್ತಾರೆ. ಆಗ ಒಂದೊಂದು ಮನೆಯೂ ರೆಟಿನಾದ ಮೇಲೆ ಹೆಚ್ಚು ಜಾಗ ಆವರಿಸುತ್ತದೆ, ಇಂದಿನ ನೋಟವನ್ನು ನಿನ್ನೆಯದರೊಂದಿಗೆ ಹೋಲಿಸಲಾಗದು. ಓದುವ ಕನ್ನಡಕ ಹಾಕಿಕೊಂಡು, ಪ್ರತಿಸಲವೂ 30 ಸೆಂಟಿಮೀಟರಿನಷ್ಟು ದೂರದಲ್ಲೇ ಹಿಡಿಯುವಂತೆ ಮಾಡಿಸಿ ತೋರಿಸಬೇಕು. ಹಳೆಯ ಕಲೆಯಿರುವ ಕಣ್ಣಿನಲ್ಲಿ ಗೆರೆಗಳು ಮೊದಲೇ ತುಸು ಬಾಗಿರುತ್ತವೆ; ಆದ್ದರಿಂದ ಶಾಂತವಾದ ದಿನ ಕಂಡಂತೆ ಕಾರ್ಡಿನ ಮೇಲೆಯೇ ಪೆನ್ಸಿಲಿನಿಂದ ಬಿಡಿಸಿ, ದಿನಾಂಕ ಹಾಕಿ ಕೊಡುತ್ತೇನೆ. ಅದಕ್ಕಿಂತ ಹೆಚ್ಚು ಬಾಗಿದರೆ ಸರದಿಗೆ ಕಾಯದೆ ಬರಬೇಕು.

ಇನ್ನೊಂದು ಕಣ್ಣನ್ನು ಮರೆಯುವ ಹಾಗಿಲ್ಲ. ಒಂದು ಕಣ್ಣಿನಲ್ಲಿ ಈಗಾಗಲೇ ಗಂಟು ಬಂದಿರುವವರ ಇನ್ನೊಂದು ಕಣ್ಣಿನಲ್ಲಿ ಅದು ಕಾಣಿಸಿಕೊಂಡ ಪ್ರಮಾಣ, 2003ರ ಮತ್ತೊಂದು ಜಪಾನಿ ಅಧ್ಯಯನದ ಪ್ರಕಾರ, ಸುಮಾರು ಶೇಕಡ 35. ಯಾವ ಕಣ್ಣಿನಲ್ಲೂ ಮೊದಲು ಇಲ್ಲದಿದ್ದವರಲ್ಲಿ ಶೇಕಡ 6ರಷ್ಟು. ಮರುಕಳಿಕೆಯ ಮಾದರಿಗಳು ಹೆಚ್ಚಾಗಿ ಚಿಕಿತ್ಸೆ ಪಡೆದ ಕಣ್ಣನ್ನೇ ನೋಡುತ್ತವೆ. ಆದರೆ ರೋಗಿಗೆ ಇರುವುದು ಎರಡು ಕಣ್ಣು, ಮತ್ತು ಅವರು "ಮತ್ತೆ ಬರುತ್ತದೆಯೇ" ಎಂದು ಕೇಳಿದಾಗ ಎರಡನ್ನೂ ಸೇರಿಸಿಯೇ ಕೇಳಿರುತ್ತಾರೆ.

ಆ ಮಹಿಳೆಯ ವಿಷಯಕ್ಕೆ ಮರಳುತ್ತೇನೆ. ಅವರ ಬಲಗಣ್ಣಿನ ಗಂಟು ಚಿಕ್ಕದಿತ್ತು, ಮೊದಲ ಇಂಜೆಕ್ಷನ್ನಿಗೇ ಅಂಚು ಚೆನ್ನಾಗಿ ಸ್ಪಷ್ಟವಾಗಿತ್ತು. ಇಂದು ನಾನು ಲೆಕ್ಕ ಹಾಕಿದ್ದರೂ ಅವರನ್ನು ಕಡಿಮೆ ಅಪಾಯದವರ ಸಾಲಿನಲ್ಲೇ ಇಡುತ್ತಿದ್ದೆ. ಎರಡನೆಯ ವರ್ಷದಲ್ಲಿ ಒಂದು ಬೆಳಿಗ್ಗೆ, ಭೇಟಿಗೆ ಇನ್ನೂ ಐದು ವಾರ ಇರುವಾಗ, ಅವರು ಕಾರ್ಡು ಹಿಡಿದು ಬಂದರು. ಚುಕ್ಕೆಯ ಎಡಕ್ಕೆ, ನಾನು ಹಿಂದೆ ಬಿಡಿಸಿದ್ದ ಗೆರೆಯ ಪಕ್ಕದಲ್ಲಿ, ಹೊಸದೊಂದು ಬಾಗನ್ನು ಅವರೇ ಪೆನ್ನಿನಿಂದ ಗುರುತಿಸಿದ್ದರು. ಆದರೆ ಅದು ಎಡಗಣ್ಣಿನ ಕಾರ್ಡು. ಅಂದೇ ಸ್ಕ್ಯಾನ್ ಮಾಡಿದೆವು. ಬಲಗಣ್ಣಿನ ಹಳೆಯ ಗಂಟು ಗೆರೆ ಎಳೆದಂತೆ ಹಾಗೆಯೇ ಇತ್ತು, ಎಡಗಣ್ಣಿನಲ್ಲಿ ಲ್ಯಾಕರ್ ಬಿರುಕೊಂದರ ಪಕ್ಕ, ಅಂಚು ಕಲಸಿದ ಚಿಕ್ಕ ಬೂದು ಉಬ್ಬು ಆಗಷ್ಟೇ ಎದ್ದಿತ್ತು.